ವಯಸ್ಸಿನ ಖಾನೆ

ದೊಡ್ಡ ಡಾಕ್ಟರು ಹೋದ ತಿಂಗಳು ತೀರಿಕೊಂಡರು. ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. 'ಸಿಸ್ಟರ್, ನೀವು ಅವರ ಕೈಕೆಳಗೆ ಒಂಬತ್ತು ವರ್ಷ ಇದ್ದವರು. ಎರಡು ಪುಟ ಬರೆದುಕೊಡಿ. ನಾಲ್ಕು ಒಳ್ಳೆಯ ಮಾತಿದ್ದರೆ ಸಾಕು' ಎಂದು ಅವರ ಶಿಷ್ಯನೊಬ್ಬ ಫೋನ್ ಮಾಡಿದ್ದ. ನಾಲ್ಕು ಒಳ್ಳೆಯ ಮಾತು! ಎರಡು ದಿನ ಕೂತು ಹುಡುಕಿದೆ. ಡಾಕ್ಟರಾದರೂ ಅವರ ಅಕ್ಷರ ಗುಂಡಗೆ, ಓದುವ ಹಾಗಿರುತ್ತಿತ್ತು. ಒಂಬತ್ತು ಗಂಟೆ ಅಂದರೆ ಒಂಬತ್ತಕ್ಕೇ ಬರುತ್ತಿದ್ದರು. ಅಲ್ಲಿಗೆ ಎರಡಾಯಿತು. ಉಳಿದೆರಡು ಎಷ್ಟು ತಡಕಾಡಿದರೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಬೇರೆಯೇ, ಅದನ್ನು ಆ ಪುಸ್ತಕದವರು ಅಚ್ಚು ಹಾಕುವುದಿಲ್ಲ. ಹೀಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೆಂಡತಿ ಮಕ್ಕಳು ಇದ್ದಾರೆ, ಅವರೇನು ಪಾಪ ಮಾಡಿದ್ದಾರೆ? ಬಳ್ಳಾರಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟ್ರು ಅನ್ನುತ್ತಿದ್ದರು. ಅವರಿಗಿಂತ ಹಿರಿಯರು ಇಬ್ಬರಿದ್ದರು. ಆದರೂ ದೊಡ್ಡ ಡಾಕ್ಟ್ರು ಅಂದರೆ ಇವರೇ. ದೊಡ್ಡಸ್ತಿಕೆಯನ್ನು ಅಂಗಿಯ ಹಾಗೆ ಬೆಳಿಗ್ಗೆ ತೊಟ್ಟುಕೊಂಡೇ ಮನೆಯಿಂದ ಹೊರಡುತ್ತಿದ್ದರು.

ಬಿಳಿ ಬೂಟು ಹಾಕುತ್ತಿದ್ದರು. ಬಳ್ಳಾರಿಯಲ್ಲಿ, ಅದೂ ಗಣಿಯ ವರ್ಷಗಳಲ್ಲಿ, ಬಿಳಿ ಬೂಟು! ನಾನು ಕುರುಗೋಡಿನಿಂದ ದಿನಾ ಬಸ್ಸಿಗೆ ಬರುತ್ತಿದ್ದವಳು. ಬಿಳಿ ಸೀರೆ ಉಟ್ಟು ಹತ್ತಿದರೆ ಇಳಿಯುವ ಹೊತ್ತಿಗೆ ಅಂಚೆಲ್ಲ ಕೆಂಪಾಗಿರುತ್ತಿತ್ತು. ಊರೆಲ್ಲ ಅದಿರಿನ ಧೂಳು, ಮಲ್ಲಿಗೆ ಹೂವಿನ ಮೇಲೂ ಅದೇ. ದೊಡ್ಡ ಡಾಕ್ಟರು ಕಾರಿನಿಂದ ಇಳಿದ ಕೂಡಲೇ ಅಟೆಂಡರ್ ಬಗ್ಗಿ ಅವರ ಬೂಟು ಒರೆಸಬೇಕು. 'ಈ ಧೂಳು ಯಾವ ಜನ್ಮದ ಶಾಪವೋ' ಎಂದು ಗೊಣಗುತ್ತಿದ್ದರು. ಆ ಧೂಳಿನಿಂದಲೇ ದುಡ್ಡು ಮಾಡಿದ ಜನ ಹೊರಗೆ ಸಾಲುಗಟ್ಟಿ ಕೂತಿರುತ್ತಿದ್ದರು, ಅವರ ಎದುರು ಮಾತ್ರ ಹಲ್ಲು ಕಾಣುವಷ್ಟು ನಗು.

ಅವರ ಯಂತ್ರದ ಬಗ್ಗೆ ಹೇಳಿಬಿಡುತ್ತೇನೆ. ನೋಡಲಿಕ್ಕೆ ತೂಕದ ಯಂತ್ರದಂತೆಯೇ. ಬರಿಗಾಲಲ್ಲಿ ಲೋಹದ ತಟ್ಟೆಯ ಮೇಲೆ ನಿಲ್ಲಬೇಕು, ಎರಡು ಹಿಡಿಕೆ ಹಿಡಿಯಬೇಕು. ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಮೈಯೊಳಗೆ ಹಾದುಹೋಗಿ, ಒಂದು ನಿಮಿಷದಲ್ಲಿ ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು, ನೀರೆಷ್ಟು ಎಂದು ಚೀಟಿ ಬರುತ್ತದೆ. ಮೊದಲೇ ನಾವು ಗಂಡೋ ಹೆಣ್ಣೋ, ಎತ್ತರ ಎಷ್ಟು, ವಯಸ್ಸೆಷ್ಟು ಎಂದು ಒತ್ತಬೇಕು. ಒತ್ತುವ ಕೆಲಸ ನನ್ನದು. ವಯಸ್ಸು ಹೆಚ್ಚು ಒತ್ತಿದಷ್ಟೂ ಯಂತ್ರ ಮಾಂಸಖಂಡ ಕಮ್ಮಿ ತೋರಿಸುತ್ತದೆ. ಚೀಟಿಯ ಕೆಳಗೆ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿ; ಹಸಿರು ಅಂದರೆ ಮೈ ಗಟ್ಟಿ, ಕೆಂಪು ಅಂದರೆ ಅಪಾಯ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ವಯಸ್ಸಾದವರ ಮೈಯಲ್ಲಿ ಮಾಂಸಖಂಡ ಕರಗುತ್ತಾ ಹೋದರೆ ಬೀಳುವುದು ಹೆಚ್ಚು, ಗಾಯ ಮಾಯುವುದು ನಿಧಾನ. ಅದನ್ನು ಮೊದಲೇ ಕಂಡುಕೊಂಡರೆ ಬೇಳೆ, ಮೊಟ್ಟೆ, ಹಾಲು ಕೊಟ್ಟು, ಕೂತು ಏಳುವ ವ್ಯಾಯಾಮ ಮಾಡಿಸಿ, ಮೈ ಕಟ್ಟಿಸಿ ಆಪರೇಷನ್ ಮಾಡಬಹುದು. ಯಂತ್ರದ ಜೊತೆ ಬಂದ ಪುಸ್ತಕದಲ್ಲೂ ಹಾಗೇ ಬರೆದಿತ್ತು. ಆ ಪುಸ್ತಕ ಓದಿದವಳು ನಾನೊಬ್ಬಳೇ ಅಂತ ಕಾಣುತ್ತದೆ. ದೊಡ್ಡ ಡಾಕ್ಟರಿಗೆ ಮೈ ಕಟ್ಟಿಸುವ ತಾಳ್ಮೆ ಎಲ್ಲಿಂದ ಬರಬೇಕು? ಅವರಿಗೆ ಭವಿಷ್ಯ ಹೇಳುವ ಚಪಲ. ಚೀಟಿಯ ಅಂಕಿಗಳನ್ನು ತಮ್ಮದೇ ಯಾವುದೋ ಲೆಕ್ಕಕ್ಕೆ ಹಾಕಿ, ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಸಂಖ್ಯೆ ಬರೆಯುತ್ತಿದ್ದರು. ಇನ್ನೆಷ್ಟು ವರ್ಷ ಬದುಕುತ್ತಾರೆ ಎಂಬುದು ಅದು. ಜನ ಅದನ್ನು ಮೈಜಾತಕ ಅಂದರು. ಆ ಹೆಸರು ಕೇಳಿ ಅವರಿಗೆ ಎಷ್ಟು ಖುಷಿ ಅಂತೀರಿ!

ಮದುವೆ ಮನೆಗೆ ಹೋದರೂ ಚಪಲ ಬಿಡುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಕೂತ ಹಿರಿಯರನ್ನು ಒಬ್ಬೊಬ್ಬರಾಗಿ ನೋಡಿ, 'ಆ ಮೂರನೇ ಎಲೆಯವರು... ಎರಡು ವರ್ಷ. ಪಕ್ಕದವರು ನಾಲ್ಕು' ಎಂದು ಪಿಸುಗುಟ್ಟುತ್ತಿದ್ದರು. ರೋಗಿಗಳ ಮೀನಖಂಡವನ್ನು ಎರಡು ಬೆರಳಲ್ಲಿ ಹಿಸುಕಿ ನೋಡುವುದಂತೂ ಥೇಟ್ ಕುರಿ ಸಂತೆಯ ವ್ಯಾಪಾರಿ. ಹಿಸುಕಿದ ಮೇಲೆ ಕೈಗೆ ಸೆಂಟಿನ ನೀರು ಹಚ್ಚಿಕೊಳ್ಳುತ್ತಿದ್ದರು. ಪ್ರತಿ ಸೋಮವಾರ ಬಾಗಿಲು ಹಾಕಿಕೊಂಡು ತಮ್ಮದನ್ನೂ ಅಳೆದುಕೊಳ್ಳುತ್ತಿದ್ದರು. ಕೊನೆಯ ಸಲ ನಾನು ನೋಡಿದಾಗ ಇನ್ನೂ ಮೂವತ್ತೊಂದು ವರ್ಷ ಅಂತಿತ್ತು. ಅದರಲ್ಲಿ ಅರ್ಧವೂ ಆಗಲಿಲ್ಲ. ಸತ್ತವರ ಮೇಲೆ ಹೀಗೆ ಅನ್ನಬಾರದು, ಆದರೆ ಅನ್ನಿಸಿದ್ದನ್ನು ಬರೆದೆ.

ನಮ್ಮ ಕುರುಗೋಡಿನಲ್ಲೊಮ್ಮೆ ಹಿರಿಯರ ತಪಾಸಣೆಯ ಶಿಬಿರ ಮಾಡಿದ್ದರು. ನಮ್ಮ ಓಣಿಯ ಕಲ್ಲು ಒಡೆಯುವ ಮುದುಕನೊಬ್ಬ ಬಂದ. ಹಿಡಿಕೆ ಹಿಡಿದ ರಭಸಕ್ಕೆ ಅದರ ಪ್ಲಾಸ್ಟಿಕ್ ಪಟ್ ಎಂದು ಸೀಳಿತು. ಹಸಿರು ಬಂತು. 'ಅಜ್ಜಾ, ಇನ್ನು ಹದಿನಾಲ್ಕು ವರ್ಷ ಯೋಚನೆಯಿಲ್ಲ' ಎಂದು ದೊಡ್ಡ ಡಾಕ್ಟರು ವರ ಕೊಟ್ಟವರ ಹಾಗೆ ಕೈ ಎತ್ತಿದರು.

'ಹದಿನಾಕ್ ವರ್ಸ ಯಾರ್ ಕೂಳು ಹಾಕ್ತಾರ್ರಿ ನನಗ? ಅದನ್ನೂ ಅಲ್ಲೇ ಬರದ್ ಬಿಡ್ರಿ' ಎಂದ ಮುದುಕ.

ಶಿಬಿರವೆಲ್ಲ ನಕ್ಕಿತು. ದೊಡ್ಡ ಡಾಕ್ಟರು ನಗಲಿಲ್ಲ. ಒಡೆದ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು, 'ಮ್ಯಾನರ್ಸ್ ಇಲ್ಲದ ಜನ' ಎಂದರು.

ಆ ಕಾಲಕ್ಕೆ ಬಳ್ಳಾರಿಯಲ್ಲಿ ದುಡ್ಡು ಎಲ್ಲಿಂದ ಬಂತು, ಯಾರಿಗೆ ಬಂತು ಎಂದು ಕೇಳುವ ಹಾಗಿರಲಿಲ್ಲ. ಹೊಸದಾಗಿ ದುಡ್ಡು ಕಂಡವರು ತಾಯಿ ತಂದೆಯರನ್ನು ಕರೆತಂದು ಜಾತಕ ಮಾಡಿಸುವುದು ಒಂದು ಶೋಕಿಯಾಯಿತು. ಒಮ್ಮೆ ಗಣಿ ಮಾಲೀಕರೊಬ್ಬರ ತಾಯಿ ಬಂದರು. ಹಿಂದೆ ಮುಂದೆ ಮೂರು ಕಾರು. ಎಪ್ಪತ್ತೆಂಟು ಎಂದು ಮಗನೇ ಹೇಳಿದ, ಒತ್ತಿದೆ. ಕೆಂಪು ಬಂತು. ದೊಡ್ಡ ಡಾಕ್ಟರು ಚೀಟಿ ನೋಡಿದರು, ಮಗನ ಮುಖ ನೋಡಿದರು, ಚೀಟಿಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು.

'ಸಿಸ್ಟರ್, ಅಮ್ಮನವರ ವಯಸ್ಸು ತಪ್ಪು ಹಾಕಿದ್ದೀರಿ. ಅರವತ್ತೆಂಟು ಹಾಕಿ.'

ಹಾಕಿದೆ. ಹಸಿರು ಬಂತು. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಬಂಗಾರದ ಬಣ್ಣದ ಕವರಿನಲ್ಲಿಟ್ಟು ಕೊಟ್ಟರು. ಮಗನ ಕಡೆಯವರು ವಾರ್ಡಿಗೆಲ್ಲ ಪೇಡೆ ಹಂಚಿದರು. ಆ ಮುದುಕಿ ಮಾತ್ರ ಬಲು ಚಾಲಾಕಿ. ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನ ಕೈ ಹಿಡಿದು, 'ನನ್ ಹತ್ತು ವರ್ಸ ಎಲ್ಲಿ ಮುಚ್ಚಿಟ್ಟಿ ಮಗಳೇ? ಕೊಟ್ ಬಿಡು, ಅದ್ರಾಗ ಗಂಡ ಇದ್ದ' ಅಂದಳು. ನನಗೆ ನಗುವೂ ಬಂತು, ಒಂದು ಥರ ಸಂಕಟವೂ ಆಯಿತು.

ಇವೆಲ್ಲ ಸಹಿಸಿದೆ. ಸಹಿಸಲು ಆಗದೇ ಹೋದ ಕೆಲಸ ಒಂದಿತ್ತು, ಅದನ್ನೂ ಮಾಡಿದೆ. ದೊಡ್ಡ ಡಾಕ್ಟರು ತಮ್ಮ ಭವಿಷ್ಯ ಎಷ್ಟು ನಿಜವಾಗುತ್ತದೆ ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳಬೇಕಾಗಿತ್ತು. ಅದಕ್ಕೆ ಆರು ತಿಂಗಳಿಗೊಮ್ಮೆ ನಾನು ಎಲ್ಲರ ಮನೆಗೂ ಫೋನ್ ಮಾಡಬೇಕು. 'ನಮಸ್ಕಾರ, ಆಸ್ಪತ್ರೆಯಿಂದ. ನಿಮ್ಮ ತಂದೆಯವರು ಹೇಗಿದ್ದಾರೆ?' ಎಂದು ಮೆತ್ತಗೆ ಕೇಳಬೇಕು. ಇದ್ದಾರೆ, ಇಲ್ಲ ಎಂದು ರಿಜಿಸ್ಟರಿನಲ್ಲಿ ಎರಡು ಖಾನೆ. ಪಾಪದ ಜನ, 'ಎಂಥಾ ಚಲೋ ದವಾಖಾನಿರೀ ನಿಮ್ದು! ನಮ್ಮ ಬೀಗರು ಸೈತ ಕೇಳಂಗಿಲ್ಲ, ನೀವು ಕೇಳ್ತೀರಿ' ಎಂದು ಹರಸುತ್ತಿದ್ದರು. ಹೇಳಿದ ಅವಧಿಯಲ್ಲೇ ಸತ್ತವರ ಹೆಸರಿನ ಮುಂದೆ ದೊಡ್ಡ ಡಾಕ್ಟರು ತಾವೇ ಸರಿ ಗುರುತು ಹಾಕುತ್ತಿದ್ದರು. ಒಂದು ತಿಂಗಳು ಹಾಗೆ ಮೂರು ಗುರುತು ಬಿದ್ದವು. ಅವತ್ತು ನಮಗೆಲ್ಲ ಕಾಫಿ ತರಿಸಿದರು. ಥೂ, ಆ ಕಾಫಿಯನ್ನೂ ಕುಡಿದೆ ನಾನು.

ಹುಸೇನಮ್ಮ ಬಂದಿದ್ದು ಆ ವರ್ಷವೇ. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯವಳು. ಭತ್ತದ ಸಸಿ ನಾಟಿ ಮಾಡುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕೆಸರಿನಲ್ಲಿ ಬಗ್ಗಿ ಬಗ್ಗಿ ಎಡಗಡೆ ಸೊಂಟದ ಕೀಲು ಸವೆದು ಹೋಗಿತ್ತು. ಕೋಲೂರಿ, ಹಲ್ಲು ಕಚ್ಚಿ ನಡೆಯುತ್ತಿದ್ದಳು. ಕೀಲು ಬದಲಿಸದಿದ್ದರೆ ಇನ್ನೆರಡು ಮೂರು ವರ್ಷಕ್ಕೆ ನೆಲ ಹಿಡಿಯುವುದು ಖಂಡಿತ ಎಂದು ನಮ್ಮ ಮೂಳೆ ಡಾಕ್ಟರು ಹೇಳಿದ್ದರು. ಅವರು ಒಳ್ಳೆಯವರು. ತಿಂಗಳಿಗೆ ಇಬ್ಬರು ಬಡವರಿಗೆ ತಮ್ಮ ಫೀಸು ಬಿಟ್ಟು ಮಾಡಿಕೊಡುತ್ತಿದ್ದರು. ಆ ತಿಂಗಳ ಒಂದು ಜಾಗ ಹುಸೇನಮ್ಮನಿಗೆ ಎಂದು ಬರೆದೂ ಇಟ್ಟಿದ್ದರು. ಆದರೆ ವಯಸ್ಸಾದವರಿಗೆ ಕತ್ತಿ ಹಾಕಬೇಕಾದರೆ ದೊಡ್ಡ ಡಾಕ್ಟರ ಸಹಿ ಬೇಕು ಎಂಬುದು ಆಸ್ಪತ್ರೆಯ ಕಟ್ಟಳೆ. ಹಸಿರಿಗೆ, ಹಳದಿಗೆ ಸಹಿ. ಕೆಂಪಿಗೆ ಇಲ್ಲ.

ಮಗ ದಾದಾಪೀರ ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದ. ಪ್ಲಾಸ್ಟಿಕ್ ಚೀಲದಿಂದ ತಾಯಿಯ ಗುರುತಿನ ಚೀಟಿ ತೆಗೆದುಕೊಟ್ಟ. ಅದರಲ್ಲಿದ್ದ ಲೆಕ್ಕದಲ್ಲಿ ವಯಸ್ಸು ಎಪ್ಪತ್ತಮೂರು. ಒತ್ತಿದೆ. ಹುಸೇನಮ್ಮನ ಅಂಗಾಲೆಲ್ಲ ಸೀಳು, ಒದ್ದೆ ಬಟ್ಟೆಯಿಂದ ಒರೆಸಿ ನಿಲ್ಲಿಸಿದೆ.

'ಯವ್ವಾ, ಕರೆಂಟ್ ಹೊಡಿತೈತೇನು?'

'ಇಲ್ಲಮ್ಮ, ಏನೂ ಗೊತ್ತಾಗಲ್ಲ.'

'ಹೊಡದ್ರೂ ಹೊಡೀಲಿ ಬಿಡು. ಒಮ್ಮಿ ನೆಟ್ಟಗ ನಿಂತು ನಡದ್ರ ಸಾಕಾಗೈತಿ' ಅಂದಳು.

ಚೀಟಿ ಕೆಂಪು ಬಂತು. ದೊಡ್ಡ ಡಾಕ್ಟರು ಅವಳತ್ತ ನೋಡಲೂ ಇಲ್ಲ, ಮಗನಿಗೇ ಹೇಳಿದರು: 'ನೋಡಪ್ಪಾ, ನಿಮ್ಮ ತಾಯಿಯ ಮೈಯಲ್ಲಿ ಮಾಂಸಖಂಡವೇ ಇಲ್ಲ. ಹೆಚ್ಚೆಂದರೆ ಒಂದು ವರ್ಷ. ಕೊಯ್ದರೆ ಗಾಯ ಮಾಯೋದಿಲ್ಲ. ಮನೆಗೆ ಕರ್ಕೊಂಡು ಹೋಗಿ, ಬೇಕಾದ್ದು ತಿನ್ನಿಸಿ.'

ಹುಸೇನಮ್ಮನೇ ಕೇಳಿದಳು: 'ಸಾಹೇಬ್ರ, ಆಪ್ರೇಷನ್ ಮಾಡಿದ್ರ ಆ ಒಂದ್ ವರ್ಸನಾದ್ರೂ ನಡೀತೀನೇನ್ರಿ?'

ಅಷ್ಟರಲ್ಲಿ ಅವರು ಮುಂದಿನವರಿಗೆ ಗಂಟೆ ಒತ್ತಿ ಆಗಿತ್ತು.

ಹೊರಗೆ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. 'ಇಷ್ಟು ವಯಸ್ಸಿಗೆ ದೊಡ್ಡ ಆಪರೇಷನ್ ಕಷ್ಟ ಅಮ್ಮ' ಎಂದು ನನಗೆ ತಿಳಿದ ಸಮಾಧಾನ ಹೇಳಿದೆ.

'ಎಷ್ಟ್ ವಯಸ್ಸಿಗಿ?'

'ಎಪ್ಪತ್ತಮೂರು ಅಂದರೆ...'

'ಯಾರಿಗವ್ವ ಎಪ್ಪತ್ಮೂರು? ನಮ್ಮೂರ ಕಾಲುವಿಗಿ ಮೊದಲ್ನೇ ಸಲ ನೀರು ಬಿಟ್ಟಾಗ ನಮ್ಮಪ್ಪನ ಹೆಗಲ ಮ್ಯಾಲೆ ಕುಂತು ನೋಡೀನಿ. ಆವಾಗ ನನಗ ನಾಕೋ ಐದೋ.'

'ಅಮ್ಮಾ, ಸುಮ್ನಿರು!' ಎಂದು ದಾದಾಪೀರ ಆ ಕಡೆ ಈ ಕಡೆ ನೋಡಿದ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. 'ಅಕ್ಕಾ, ವೃದ್ಧಾಪ್ಯ ಪಿಂಚಣಿ ಸಿಗಲಂತ ವಯಸ್ಸು ಹೆಚ್ಚಿಗಿ ಬರೆಸೀವ್ರಿ. ಊರಾಗ ಬಾಳ ಮಂದಿ ಹಂಗ ಮಾಡ್ಯಾರ. ಇಲ್ಲಿ ಬ್ಯಾರೆ ಹೇಳಿದ್ರ ಎಲ್ಲಿ ಅದೂ ಹೊಕ್ಕೈತೋ ಅಂತ ಚೀಟಿ ತೋರಿಸಿದ್ನಿ.'

ಊರಿಗೆ ಕಾಲುವೆಯ ನೀರು ಬಂದು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿದರೆ ಅವಳಿಗೆ ಐವತ್ತೆಂಟು. ಹದಿನೈದು ವರ್ಷ ಹೆಚ್ಚು ಒತ್ತಿದ್ದೆ ನಾನು. ಕೂತಿರಿ, ಬಂದೆ ಎಂದು ಒಳಗೆ ಓಡಿದೆ. ಯಂತ್ರದಲ್ಲಿ ಅವಳ ಅಳತೆ ಇನ್ನೂ ಹಾಗೇ ಇತ್ತು. ವಯಸ್ಸಿನ ಖಾನೆಯಲ್ಲಿ ಐವತ್ತೆಂಟು ಹಾಕಿ ಮತ್ತೆ ಚೀಟಿ ತೆಗೆದೆ. ಹಳದಿ! ಹೋಗಿ ದೊಡ್ಡ ಡಾಕ್ಟರ ಮುಂದಿಟ್ಟು ಎಲ್ಲ ಹೇಳಿದೆ.

'ಸರ್ಕಾರದ ಚೀಟಿಯಲ್ಲಿ ಏನಿದೆಯೋ ಅದೇ ವಯಸ್ಸು. ಕಾಲುವೆ ನೀರು ನೋಡಿ ನಾನು ಸಹಿ ಹಾಕಬೇಕಾ?' ಎಂದರು.

'ಸರ್, ಮೊನ್ನೆ ಆ ಗಣಿಯವರ ಅಮ್ಮನಿಗೆ ನಾವೇ ಹತ್ತು ವರ್ಷ ಕಮ್ಮಿ...' ನನಗೆ ಅದು ಹೇಗೆ ಬಾಯಿಗೆ ಬಂತೋ.

ಮುಖದಲ್ಲಿ ಒಂದು ಚೂರು ನಾಚಿಕೆ ಕಾಣಬೇಕಲ್ಲ? ಇಲ್ಲ. ಮಗುವಿಗೆ ಪಾಠ ಹೇಳುವ ದನಿಯಲ್ಲಿ, 'ಅದು ಬೇರೆ ಸಿಸ್ಟರ್. ಅವರಿಗೆ ಆಪರೇಷನ್ ಬೇಕಿರಲಿಲ್ಲ, ಸಮಾಧಾನ ಬೇಕಿತ್ತು' ಎಂದರು. ಆಮೇಲೆ ನಿಜವಾದ ಕಾರಣ ಬಂತು. ಮುಂದಿನ ವಾರ ಹೈದರಾಬಾದಿನಲ್ಲಿ ಅವರ ಭಾಷಣ. ಕೆಂಪು ಬಂದವರ ಪಟ್ಟಿ ಹುಸೇನಮ್ಮನಿಂದ ಪೂರ್ತಿಯಾಗಿತ್ತು, ಅವತ್ತೇ ಅಚ್ಚಿಗೆ ಹೋಗಬೇಕಿತ್ತು. 'ಒಂದು ವಯಸ್ಸು ತಪ್ಪು ಅಂದರೆ ಎಲ್ಲರ ವಯಸ್ಸೂ ತಪ್ಪು ಅಂತಾರೆ. ಹೋಗಿ, ಕೆಲಸ ನೋಡಿ.'

ಮೂಳೆ ಡಾಕ್ಟರ ಕೋಣೆ ಅಲ್ಲಿಂದ ನಾಲ್ಕನೇ ಬಾಗಿಲು. ಹಳದಿ ಚೀಟಿ ನನ್ನ ಕೈಯಲ್ಲಿತ್ತು. ನಾಲ್ಕು ಬಾಗಿಲು ದಾಟಿದ್ದರೆ ಅವರು ಜಗಳವಾಡಿಯಾದರೂ ಸಹಿ ಹಾಕಿಸುತ್ತಿದ್ದರು. ದಾಟಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ, ಅಷ್ಟೇ. ಅದಕ್ಕೆ ಬಣ್ಣ ಹಚ್ಚಿ ಹೇಳುವುದಿಲ್ಲ. ಚೀಟಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಬೆಂಚಿನ ಹತ್ತಿರ ಬಂದೆ.

'ವಯಸ್ಸು ಸರಿ ಮಾಡಿದ್ರೂ ಅಷ್ಟಾ ಏನ್ರೀ ಅಕ್ಕಾ?' ಎಂದ ದಾದಾಪೀರ.

'ಹೂಂ' ಅಂದೆ.

ಅವರು ಸಿರುಗುಪ್ಪದ ಬಸ್ಸಿಗೆ ಹೊರಟರು.

ಆರು ತಿಂಗಳಾಯಿತು, ವರ್ಷವಾಯಿತು. ಅವಳ ಹೆಸರು ಬಂದಾಗಲೆಲ್ಲ ಫೋನ್ ಮಾಡದೆ 'ಸಂಪರ್ಕ ಸಿಗಲಿಲ್ಲ' ಎಂದು ಬರೆದು ತಪ್ಪಿಸಿಕೊಂಡೆ. ಒಂದೂವರೆ ವರ್ಷವಾದಾಗ ದೊಡ್ಡ ಡಾಕ್ಟರು ಎದುರಿಗೇ ನಿಂತು, 'ಮಾಡಿ, ಮುಗಿದಿರಬೇಕು' ಎಂದರು. ಹಚ್ಚೊಳ್ಳಿಯ ಕಿರಾಣಿ ಅಂಗಡಿಯೊಂದರ ನಂಬರ್ ಅದು. ಅಂಗಡಿಯವನು 'ತಡೀರಿ, ಕೂಗ್ತೀನಿ' ಎಂದು ಫೋನ್ ಪಕ್ಕಕ್ಕಿಟ್ಟ. ಬಹಳ ಹೊತ್ತು ಕಾದೆ. ಆಮೇಲೆ ಏದುಸಿರು ಬಿಡುತ್ತಾ ಅವಳದೇ ದನಿ.

'ಯಾರ್ರೀ?'

'ಆಸ್ಪತ್ರೆಯಿಂದ ಅಮ್ಮಾ. ಹೇಗಿದ್ದೀರಿ?'

'ಅದೀನೆವ್ವ. ಆಪ್ರೇಷನ್ನಿಗೆ ಕರೀತಾರೇನು?'

'ಇಲ್ಲಮ್ಮ, ಸುಮ್ಮನೆ ಕೇಳಿದೆ' ಎಂದು ಇಟ್ಟುಬಿಟ್ಟೆ.

ಇದ್ದಾರೆ ಎಂದು ಕೇಳಿ ದೊಡ್ಡ ಡಾಕ್ಟರ ಮುಖ ಹುಳ್ಳಗಾಯಿತು. 'ಬೇರೆ ಯಾರೋ ಮಾತಾಡಿರಬೇಕು' ಎಂದರು. ಅವಳೇ ಅಂದೆ. ಸ್ವಲ್ಪ ಹೊತ್ತು ಪೆನ್ನು ಕುಟ್ಟಿ, 'ಹಾಗಾದರೆ ಈ ಹೆಸರು ತೆಗೆದುಬಿಡಿ. ಇವರ ವಯಸ್ಸೇ ಅನುಮಾನ ಅಂತ ನೀವೇ ಹೇಳಿದ್ದಿರಲ್ಲ' ಎಂದರು! ಸಹಿ ಹಾಕಲು ಬೇಡವಾಗಿದ್ದ ಮಾತು ಹೆಸರು ಹೊಡೆಯಲು ಬೇಕಾಯಿತು. ಸತ್ತಿದ್ದರೆ ಎಪ್ಪತ್ತಮೂರೇ ಸರಿಯಾಗಿರುತ್ತಿತ್ತು. ಎಂಥಾ ಮನುಷ್ಯ ಇವನು ಎಂದು ಅವತ್ತು ಮೊದಲ ಸಲ ಏಕವಚನದಲ್ಲಿ ಅಂದುಕೊಂಡೆ. ಮನಸ್ಸಿನಲ್ಲೇ, ಜೋರಾಗಿ ಅಲ್ಲ. ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದೆ.

ಆಮೇಲೆ ಗಣಿಗಳು ನಿಂತವು, ಕಾರುಗಳೂ ಬರುವುದು ನಿಂತವು. ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ ಸಾಮಾನಿನ ಕೋಣೆಗೆ ನೂಕಿದರು. ದೊಡ್ಡ ಡಾಕ್ಟರು ಬೇರೆ ಊರಿಗೆ, ಇನ್ನೂ ದೊಡ್ಡ ಆಸ್ಪತ್ರೆಗೆ ಹೋದರು. ನಾನು ನಿವೃತ್ತಳಾದೆ.

ಪುಸ್ತಕಕ್ಕೆ ಬರೆಯಲು ಕೂತಾಗ ಆ ಹಳದಿ ಚೀಟಿ ತೆಗೆದು ನೋಡಿದೆ. ಅಚ್ಚು ಮಾಸಿದ್ದರೂ ಓದಲು ಬರುತ್ತಿತ್ತು. ಮರುದಿನ ಹಚ್ಚೊಳ್ಳಿಗೆ ಹೋದೆ. ಹುಸೇನಮ್ಮ ಇರುತ್ತಾಳೆ ಎಂದು ನಂಬಿಕೆಯೇನೂ ಇರಲಿಲ್ಲ. ಇದ್ದಳು. ಈಗ ಅವಳಿಗೆ ನಿಜಕ್ಕೂ ಎಪ್ಪತ್ತಮೂರರ ಆಸುಪಾಸು. ಕುಂಡೆಯ ಮೇಲೆ ತೆವಳುತ್ತಾ ಅಂಗಳಕ್ಕೆ ಬಂದಳು. ಅಂಗೈಗೆ ತೊಡಲು ದಾದಾಪೀರ ಜೀನ್ಸ್ ಬಟ್ಟೆಯದೇ ದಪ್ಪ ಕೈಗವಸು ಹೊಲಿದು ಕೊಟ್ಟಿದ್ದ. ಹತ್ತು ಹನ್ನೆರಡು ವರ್ಷದಿಂದ ಹೀಗೇ ಅಂತೆ. ನನ್ನನ್ನು ಗುರುತು ಹಿಡಿದು, 'ಬರ್ರಿ ಸಿಸ್ಟರಮ್ಮ' ಎಂದು ಚಹಾ ಮಾಡಲು ಸೊಸೆಯನ್ನು ಕೂಗಿದಳು.

ದಾದಾಪೀರ ಊರಿಗೇ ವಾಪಸು ಬಂದು ಟೈಲರ್ ಅಂಗಡಿ ಇಟ್ಟಿದ್ದಾನೆ. ಕೂದಲು ಬೆಳ್ಳಗಾಗಿದೆ. 'ನಾವು ಸುಳ್ಳು ವಯಸ್ಸು ಬರೆಸಿದ್ದಕ್ಕ ಆ ದೇವ್ರು ಹಿಂಗ ಮಾಡಿದ ಅಕ್ಕಾ. ತಪ್ಪು ನಂದು' ಎಂದ. ಇಷ್ಟು ವರ್ಷ ಅದನ್ನೇ ಹೊತ್ತುಕೊಂಡಿದ್ದಾನೆ ಪುಣ್ಯಾತ್ಮ! ನನಗೆ ತಡೆಯಲಾಗಲಿಲ್ಲ. ಚೀಟಿ ತೆಗೆದು ಅವನ ಕೈಗೆ ಕೊಟ್ಟೆ. ಅವತ್ತೇ ವಯಸ್ಸು ಸರಿ ಮಾಡಿ ತೆಗೆದದ್ದು, ಹಳದಿ ಬಂದಿತ್ತು, ಆಪರೇಷನ್ ಆಗಬಹುದಿತ್ತು, ದೊಡ್ಡ ಡಾಕ್ಟರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು ಎಂದೆ.

ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. 'ನೀವು ಹೂಂ ಅಂದಿದ್ರಿ' ಎಂದ. ಎದ್ದು ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತುಕೊಂಡ.

ಹುಸೇನಮ್ಮ ಬೈಯುತ್ತಾಳೆ ಎಂದು ಕಾದೆ, ಬೈದರೆ ಸಾಕು ಅನ್ನಿಸಿತ್ತು.

'ಒಮ್ಮಿ ಫೋನ್ ಮಾಡಿ ಹೆಂಗದೀರಿ ಅಂತ ಕೇಳಿದಾಕಿ ನೀನೇ ಏನು?' ಎಂದಳು.

'ಹೌದಮ್ಮ.'

'ಅವತ್ ಹೇಳಿದ್ರೂ ಆಗ್ತಿತ್ತಲ್ಲವ್ವ' ಎಂದು ಅಂಗೈಯ ಜೀನ್ಸ್ ಗವಸು ಬಿಚ್ಚಿ ಪಕ್ಕಕ್ಕಿಟ್ಟಳು. 'ಆ ಫೋನ್ ಎತ್ತಾಕ ನಾನು ಅಂಗಡಿ ತನಕ ನಡಕೊಂತ ಹೋಗಿದ್ನಿ.'